ಅಮ್ಮ ಮುಚ್ಚದೆ ಬಿಟ್ಟ ನಲ್ಲಿ

ಅವರ ಬಲ ಮುಂಗೈ ಮೇಲೆ ಒಂದರ ಕೆಳಗೊಂದು ಮೂರು ಸುಟ್ಟ ಗೆರೆಗಳಿದ್ದವು. ದೂರದಿಂದ ನೋಡಿದರೆ ಕೈಗೆ ವಿಭೂತಿ ಎಳೆದುಕೊಂಡಂತೆ ಕಾಣುತ್ತಿತ್ತು. ಮೊದಲ ದಿನ ನಾನೂ ಹಾಗೆಂದೇ ತಿಳಿದೆ. ಅವರು ಚಹಾದ ಲೋಟ ಕೊಡಲು ಬಗ್ಗಿದಾಗ ನೋಡುತ್ತೇನೆ, ಅಲ್ಲಿ ಚರ್ಮವೇ ಬೆಳ್ಳಗೆ, ನುಣ್ಣಗೆ ಆಗಿಹೋಗಿದೆ.

ಓಣಿಯವರೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹರಿಹರದಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ ಅವರ ಮನೆ. ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಔಷಧಿ ಕಂಪನಿಯೊಂದರ ರೆಪ್ ಆಗಿದ್ದೆ. ಕುತ್ತಿಗೆಗೆ ಟೈ ಬಿಗಿದುಕೊಂಡು ದಾವಣಗೆರೆ, ಹರಿಹರ, ರಾಣೆಬೆನ್ನೂರಿನ ಡಾಕ್ಟರುಗಳ ಬಾಗಿಲು ಕಾಯುವುದು ನನ್ನ ಉದ್ಯೋಗ. ಓಡಾಡಲು ಒಳ್ಳೆಯ ಸ್ಕೂಟರ್ ಇತ್ತು. ಆದರೂ ಹಳೆಯ ಜಪಾನ್ ಬೈಕಿನ ಹುಚ್ಚು ತಲೆಗೇರಿತ್ತು. "ಮದುವಿ ವಯಸ್ಸಿನಾಗೆ ಗುಜರಿ ಹುಡುಕ್ತಾನೆ" ಎಂದು ನನ್ನ ತಾಯಿ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯ ಅಕ್ಕಪಕ್ಕದವರ ಮುಂದೆಲ್ಲ ನನ್ನ ಮರ್ಯಾದೆ ಕಳೆಯುತ್ತಿದ್ದರು.

ಹರಿಹರದ ಒಬ್ಬ ಕಾಂಪೌಂಡರ್ ಸುದ್ದಿ ಕೊಟ್ಟ. "ಹೊಳೆ ದಾರ್ಯಾಗೆ ಒಂದು ಮನೆ ಐತಿ ಸಾರ್. ಅದರ ಹಿತ್ತಲಾಗೆ ನಿಂತೈತೆ. ಎರಡು ಸಿಲಿಂಡರಿನ ಗಾಡಿ. ಆದ್ರೆ ಅದನ್ನ ಯಾರೂ ಮುಟ್ಟಲ್ಲ ಬಿಡ್ರಿ." ಯಾರೂ ಮುಟ್ಟಲ್ಲ ಎಂದರೆ ನನ್ನಂಥವನಿಗೆ ಬಾಯಲ್ಲಿ ನೀರೂರದೆ ಇರುತ್ತದೆಯೇ?

ಗಾಡಿ ಹಿತ್ತಲಿನ ಬೇವಿನ ಮರದ ಕೆಳಗೆ, ತಗಡಿನ ಮರೆಯಲ್ಲಿತ್ತು. ಟೈರುಗಳು ನೆಲಕ್ಕೆ ಅಂಟಿದ್ದವು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಆದರೆ ಹೆಡ್‌ಲೈಟಿನ ಮೇಲೆ ಹಸಿ ವಿಭೂತಿ, ಹ್ಯಾಂಡಲಿಗೆ ಇನ್ನೂ ಬಾಡದ ನಿಂಬೆಹಣ್ಣು. ಓಡುವ ಗಾಡಿಗಳಿಗೆ ಅಮಾವಾಸ್ಯೆಗೊಮ್ಮೆ ಪೂಜೆ ಮಾಡುವುದು ನಮ್ಮ ಕಡೆ ಇದ್ದದ್ದೇ. ಸತ್ತುಬಿದ್ದ ಗಾಡಿಗೆ ತಪ್ಪದೆ ಪೂಜೆ ನಡೆಯುವುದನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

"ಗುಜರಿಯೋರಿಗೆ ಕೊಡಲ್ಲ ನಾನು. ಓಡಿಸ್ತೀನಿ ಅನ್ನೋರಿಗೆ ಕೊಡ್ತೀನಿ" ಎಂದರು ಅಮ್ಮ.

"ಇಷ್ಟು ವರ್ಷ ಇಟ್ಕೊಂಡು ಈಗ ಯಾಕ ಕೊಡ್ತೀರಮ್ಮ?"

"ಗಾಡಿ ಇಲ್ಲೇ ನಿಂತ್ರೆ ಅವ್ರು ಯಾತ್ರ ಮ್ಯಾಲೆ ಬರ್ತಾರೆ, ತಮ್ಮಾ?" ಬಸ್ಸಿನ ವೇಳೆ ಕೇಳುವವರ ಹಾಗೆ ಸಹಜವಾಗಿ ಕೇಳಿದರು.

ಕಥೆಯನ್ನು ಅವರೇ ಹೇಳಿದರು. ಯಜಮಾನರದು ಹತ್ತಿ ವ್ಯಾಪಾರ. ಮುಂಬಯಿಗೆ ಹೋದವರು ಈ ಗಾಡಿಯನ್ನು ತಂದಿದ್ದರು. ಒಂದು ಸಂಜೆ ಅವರು ರಾಣೆಬೆನ್ನೂರಿನ ಕಡೆಯಿಂದ ಬರಬೇಕಿತ್ತು, ಹೊಳೆಯ ಸೇತುವೆ ಮೇಲೆ ಗಾಡಿ ನಿಂತಿತ್ತು. ಸ್ಟ್ಯಾಂಡ್ ಹಾಕಿತ್ತು, ಇಂಜಿನ್ ಓಡುತ್ತಲೇ ಇತ್ತು. ಮನುಷ್ಯ ಮಾತ್ರ ಇರಲಿಲ್ಲ. ಅಂಬಿಗರು ಕೆಳಗಿನ ಊರುಗಳ ತನಕ ಹೊಳೆ ಜಾಲಾಡಿದರು. ಒಂದು ಚಪ್ಪಲಿಯೂ ಸಿಗಲಿಲ್ಲ. ಜನ ಗಾಡಿಯನ್ನು ತಳ್ಳಿಕೊಂಡು ಬಂದು ಹಿತ್ತಲಲ್ಲಿ ನಿಲ್ಲಿಸಿ ಹೋದರು.

ಆಮೇಲೆ ಮೈದುನ, ನೆಂಟರು, ಮಠದವರು ಎಲ್ಲರೂ ಬಂದು ಕಾರ್ಯ ಮಾಡಿ ಮುಗಿಸಿರೆಂದು ಒತ್ತಾಯಿಸಿದರಂತೆ. ಕುಂಕುಮ ಅಳಿಸಬೇಕು, ಬಳೆ ತೆಗೆಯಬೇಕು. ಅಮ್ಮನ ಉತ್ತರ ಒಂದೇ: "ಹೆಣ ತೋರಿಸ್ರಿ, ಬಳೆ ತೆಗೀತೀನಿ." ಯಾರಿಗೂ ತೋರಿಸಲಾಗಲಿಲ್ಲ. ಅವರ ಕೈತುಂಬ ಹಸಿರು ಬಳೆ ಹಾಗೇ ಉಳಿದವು. ಆದರೆ ಸೀಮಂತಕ್ಕೋ ಮದುವೆಗೋ ಅವರನ್ನು ಕರೆಯುವುದನ್ನು ಓಣಿಯವರು ಬಿಟ್ಟರು. ಮುತ್ತೈದೆಯೋ ವಿಧವೆಯೋ ತಿಳಿಯದವರ ಮಡಿಲಿಗೆ ಉಡಿ ತುಂಬುವುದು ಹೇಗೆ? ಅಮ್ಮ ಅದನ್ನು ನಗುತ್ತಲೇ ಹೇಳಿದರು. ನನಗೆ ಮಾತ್ರ ಆ ನಗು ನೋಡಲು ಆಗಲಿಲ್ಲ.

ಗಾಡಿ ಕೊಡುವಾಗ ಹಾಕಿದ್ದು ಒಂದೇ ಷರತ್ತು. ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲ್ ಬಿಡುವ, ನಿಲ್ಲಿಸುವ ಸಣ್ಣ ತಿರುಗಣೆ ಇರುತ್ತದಲ್ಲ, ಅಮ್ಮ ಅದನ್ನು ನಲ್ಲಿ ಎನ್ನುತ್ತಿದ್ದರು. "ನಲ್ಲಿ ಮಾತ್ರ ಮುಚ್ಚಬ್ಯಾಡ. ಗಾಡಿ ನಿಲ್ಸೋದು ಅವ್ರು, ನಲ್ಲಿ ಮುಚ್ಚೋಳು ನಾನು. ಮದುವ್ಯಾದಾಗಿಂದ ಹಂಗೇ. ಅವ್ರು ಬಂದ ಸದ್ದು ಕೇಳಿದ್ರೆ ಒಲಿ ಮುಂದಿಂದ ಎದ್ದು ಓಡಿ ಬರ್ತಿದ್ದೆ. ಅವಸರದಾಗೆ ಕಾದ ಇಂಜಿನ್ನಿಗೆ ಕೈ ತಗುಲಿಸ್ಕೊಂಡಿದ್ದು ಇದು." ಮುಂಗೈ ತೋರಿಸಿದರು. ಮೂರು ಗೆರೆಗಳು ಇಂಜಿನ್ನನ್ನು ತಣಿಸುವ ಲೋಹದ ರೆಕ್ಕೆಗಳ ಗುರುತು ಎಂದು ಆಗ ಹೊಳೆಯಿತು. "ಅವತ್ತು ಜನ ತಳ್ಕೊಂಡು ಬಂದಾಗ ನಾನು ಮುಚ್ಚಲಿಲ್ಲ. ಪೆಟ್ರೋಲೆಲ್ಲ ಸೋರಿ ಹೋತು. ಹೋಗ್ಲಿ. ಅವ್ರೇ ಬಂದಿಲ್ಲ ಅಂದ್ಮ್ಯಾಲೆ ಹೆಂಗೆ ಮುಚ್ಚಲಿ?"

ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ದಾವಣಗೆರೆಗೆ ತಂದೆ. ನಮ್ಮ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನೋಡಿದವನೇ ಹಣೆ ಚಚ್ಚಿಕೊಂಡ. "ಯಾ ಅಲ್ಲಾ, ಇದನ್ನ ಹೂತು ಬರೋದ್ ಬಿಟ್ಟು ಇಲ್ಲಿಗ್ ತಂದೀರಲ್ಲ ಸಾರ್!" ಬೈದರೂ ಬಿಡಲಿಲ್ಲ. ತುಕ್ಕಿಗೆ ಕಚ್ಚಿಕೊಂಡಿದ್ದ ಪಿಸ್ಟನ್‌ಗಳ ಮೇಲೆ ಡೀಸೆಲ್ ಸುರಿದು ನೆನೆಯಲು ಬಿಟ್ಟ. ಟ್ಯಾಂಕಿನೊಳಗೆ ಸೀಮೆಎಣ್ಣೆ, ಜಲ್ಲಿಕಲ್ಲು ಹಾಕಿ ನಾವಿಬ್ಬರೂ ಸರದಿಯ ಮೇಲೆ ಕುಲುಕಿದೆವು. ಕೆಂಪು ಕೆಸರಿನಂಥ ತುಕ್ಕು ಬಂತು. ಸೈಲೆನ್ಸರಿನಿಂದ ಕಣಜದ ಮಣ್ಣುಗೂಡು ಉದುರಿತು. ಬಿಡಿಭಾಗಕ್ಕಾಗಿ ನಾನು ಬೆಂಗಳೂರಿನ ಗುಜರಿ ಸಾಲುಗಳಲ್ಲಿ ಅಲೆದೆ. ಪ್ರತಿ ಅಮಾವಾಸ್ಯೆ ಹರಿಹರಕ್ಕೆ ಹೋಗಿ ಎಲ್ಲಿಯ ತನಕ ಬಂತೆಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಅವರು ಖಾರ ಮಂಡಕ್ಕಿ ಕಲಸಿಕೊಟ್ಟು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವಂತೆ ಒಂದೊಂದನ್ನೇ ಕೇಳುತ್ತಿದ್ದರು. ಬಟ್ಟಲು ಎರಡೇ ಬೇಕಾದಲ್ಲಿ ಯಾವಾಗಲೂ ಮೂರು ಇಡುತ್ತಿದ್ದರು.

ಮೂರನೆಯದು ಯಾರಿಗೆಂದು ನಾನು ಕೇಳಲಿಲ್ಲ.

ಕೊನೆಗೊಂದು ದಿನ ಗಾಡಿ ಕೆಮ್ಮಿ, ಹೊಗೆ ಕಾರಿ, ಎದ್ದಿತು. ಉಸ್ತಾದ್ ಕೈ ಒರೆಸಿಕೊಳ್ಳುತ್ತ ಅಭ್ಯಾಸಬಲದಿಂದ ನಲ್ಲಿ ಮುಚ್ಚಲು ಹೋದ. ನಾನು ಅವನ ಕೈ ಹಿಡಿದೆ. "ರಾತ್ರಿ ಸೋರಿದ್ರೆ ನನ್ನ ಬೈಬ್ಯಾಡ್ರಿ" ಎಂದು ಗೊಣಗಿ, ಸೋರದ ಹಾಗೆ ಕಾರ್ಬೊರೇಟರಿಗೆ ಹೊಸ ಸೂಜಿ ಹಾಕಿಕೊಟ್ಟ.

ಅಮ್ಮನಿಗೆ ಗಾಡಿ ತೋರಿಸಲು ಹೊರಟ ದಿನ ಮೊದಲು ರಾಣೆಬೆನ್ನೂರಿನ ಕೆಲಸ ಮುಗಿಸಿದೆ. ವಾಪಸು ಬರುವಾಗ ನೆತ್ತಿಯ ಮೇಲೆ ಬಿಸಿಲು. ಸೇತುವೆಯ ನಡುಮಧ್ಯಕ್ಕೆ ಬಂದಾಗ ಇಂಜಿನ್ನಿನ ದನಿ ಇಳಿಯಿತು. ಹಿಂದಿನ ಸೀಟಿಗೆ ಆಳು ಹತ್ತಿದಾಗ ಗಾಡಿ ಕುಗ್ಗುತ್ತದಲ್ಲ, ಹಾಗೆ ಕುಗ್ಗಿತು. ಟೈರ್ ಪಂಕ್ಚರ್ ಎಂದುಕೊಂಡು ಇಳಿದು ನೋಡಿದೆ. ಗಾಳಿ ಸರಿಯಾಗಿತ್ತು. ಕೆಳಗೆ ಹೊಳೆಯಲ್ಲಿ ಒಬ್ಬ ಎಮ್ಮೆ ತೊಳೆಯುತ್ತಿದ್ದ. ಮತ್ತೆ ಹತ್ತಿ ಹೊರಟೆ. ಭಾರ ಇನ್ನೂ ಇತ್ತು. ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಆಗಲಿಲ್ಲ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ ಇಲ್ಲ.

ಅಮ್ಮ ಆಗಲೇ ಬಾಗಿಲು ತೆಗೆದು ನಿಂತಿದ್ದರು. ಹಾರ್ನ್ ಕೂಡ ಹೊಡೆದಿರಲಿಲ್ಲ ನಾನು. ಅವರು ನನ್ನನ್ನು ನೋಡಲಿಲ್ಲ, ನನ್ನ ಭುಜದ ಹಿಂದೆ ನೋಡಿದರು. ಓಡಿಬಂದು ಬಗ್ಗಿದರು. ಬಲಗೈ ನಲ್ಲಿಯ ತನಕ ಹೋಯಿತು. ಬೆರಳು ತಾಗಿಯೂ ತಾಗದಂತೆ ನಿಂತು, ಮೆಲ್ಲಗೆ ಹಿಂದೆ ಬಂತು.

"ಇನ್ನೂ ಇಳಿದಿಲ್ಲ" ಎಂದರು.

"ಯಾರಮ್ಮ?"

"ಒಳಗೆ ಬಾ ತಮ್ಮಾ. ಬಿಸಿಲಾಗೆ ಬಂದೀಯ, ಮಜ್ಜಿಗಿ ಕುಡಿ."

ಅಂದಿನಿಂದ ಅಮಾವಾಸ್ಯೆಗೆ ಗಾಡಿಯಲ್ಲಿಯೇ ಹೋಗುತ್ತಿದ್ದೆ. ಮನೆಯ ಮುಂದೆ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ನಿಲ್ಲಿಸಬೇಕು. ಅಮ್ಮ ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಣ್ಣು ಮುಚ್ಚಿ ಸದ್ದು ಕೇಳುವರು. ನಲ್ಲಿಯನ್ನು ಮುಟ್ಟುತ್ತಿರಲಿಲ್ಲ. ನಾನು ಕಾಯುವ ತಾಳ್ಮೆ ಇಲ್ಲದ ಮನುಷ್ಯ. ಡಾಕ್ಟರು ಎರಡನೆಯ ಸಲ ಕೂರಿಸಿದರೆ ಮನಸ್ಸಿನಲ್ಲೇ ಶಾಪ ಹಾಕುವವನು. ಆ ಬಾಗಿಲಲ್ಲಿ ಮಾತ್ರ ಎಷ್ಟು ಹೊತ್ತು ನಿಂತರೂ ಬೇಸರವಾಗುತ್ತಿರಲಿಲ್ಲ. ಹೆದರಿಕೆ ಇತ್ತು, ಹೋಗದೆ ಇರುವುದೂ ಆಗುತ್ತಿರಲಿಲ್ಲ. ನನ್ನ ತಾಯಿ ಗಾಡಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಮುಸ್ಸಂಜೆಯ ನಂತರ ಅದು ನಿಲ್ಲುವ ಪಡಸಾಲೆಗೆ ಕಸಬರಿಗೆ ಕೂಡ ತರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆಂದು ಗಾಡಿ ಹೊರಗೆ ತಂದೆ. ಒಂದೇ ಕಿಕ್ಕಿಗೆ ಎದ್ದಿತು. ನಮ್ಮ ರಸ್ತೆಯ ತಿರುವು ದಾಟಿರಲಿಲ್ಲ, ನಿಂತುಹೋಯಿತು. ಟ್ಯಾಂಕ್ ಅಲುಗಿಸಿದೆ, ಪೆಟ್ರೋಲ್ ಇತ್ತು. ಬಗ್ಗಿ ನೋಡಿದೆ.

ನಲ್ಲಿ ಮುಚ್ಚಿತ್ತು.

ನಾನು ಮುಚ್ಚಿರಲಿಲ್ಲ. ರಾತ್ರಿ ಪಡಸಾಲೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆ. ನಲ್ಲಿ ತೆರೆಯಲು ಬೆರಳು ಚಾಚಿದೆ, ಬೆರಳು ಕೇಳಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಮನೆಗೆ ಬಂದೆ. ಒಳಗೆ ಫೋನ್ ಹೊಡೆದುಕೊಳ್ಳುತ್ತಿತ್ತು. ಹರಿಹರದ ಕಾಂಪೌಂಡರ್. "ಸಾರ್, ಹೊಳೆ ದಾರಿ ಅಮ್ಮ ಹೋಗ್ಬಿಟ್ರು. ಬೆಳಿಗ್ಗೆ ನೋಡಿದ್ರೆ ಬಾಗ್ಲು ತೆಗ್ದೇ ಇತ್ತು, ಹೊಸ್ತಿಲ ಮ್ಯಾಲೆ ಕುಂತಂಗೇ ಇದ್ರು."

ಬಸ್ಸು ಹತ್ತಿ ಹೋದೆ. ಅಮ್ಮನ ಮನೆಯ ಪಡಸಾಲೆಯಲ್ಲಿ ಅವರ ಮೈದುನ ಮತ್ತು ಹಿರಿಯರ ವಾದ ನಡೆದಿತ್ತು. ಅಮ್ಮನನ್ನು ಹೇಗೆ ಕಳಿಸುವುದು? ಮುತ್ತೈದೆ ಎಂದು ಬಳೆ ತೊಡಿಸಿ, ಕುಂಕುಮ ಇಟ್ಟೋ, ಅಥವಾ ಈಗಲಾದರೂ ಎಲ್ಲ ತೆಗೆದೋ? ಬದುಕಿದ್ದಾಗ ಅವರು ತೀರ್ಮಾನಿಸಲು ಬಿಡದ ಮಾತನ್ನು ಈಗ ಇತ್ಯರ್ಥ ಮಾಡಲು ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಾನು ಯಾರು? ಗಾಡಿ ಕೊಂಡವನು, ಅಷ್ಟೆ.

ಒಳಗೆ ಮೈ ತೊಳೆಯುತ್ತಿದ್ದ ಪಕ್ಕದ ಮನೆಯ ಅಜ್ಜಿ ಹೊರಗೆ ಬಂದರು. ಕೈಯಲ್ಲಿ ಸೀಗೆಪುಡಿ ಹಾಗೇ ಇತ್ತು. "ಏನು ಹಚ್ಚಿ ತಿಕ್ಕಿದ್ರೂ ಬಲಗೈ ಬೆರಳಿಂದ ಪೆಟ್ರೋಲ್ ವಾಸ್ನಿ ಹೋಗವಲ್ದು. ಇವ್ರ ಮನ್ಯಾಗೆ ಪೆಟ್ರೋಲ್ ಎಲ್ಲೈತೆ?"

ನನ್ನ ಬಾಯಿ ತಾನಾಗಿ ತೆರೆಯಿತು. "ಗಾಡಿ ನಲ್ಲಿ ಮುಚ್ಚೈತ್ರಿ. ನಾನು ಮುಚ್ಚಿದ್ದಲ್ಲ."

ಆ ನಲ್ಲಿಯ ಕಥೆ ಓಣಿಗೆಲ್ಲ ಗೊತ್ತಿದ್ದದ್ದೇ. ಮೈದುನನ ಮುಖ ಬಿಳಿಚಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಒಳಗಿನ ಹೆಂಗಸರಿಗೆ ಕೂಗಿ ಹೇಳಿದರು: "ಹಸಿರು ಬಳಿ ತರ್ರೇ. ಕುಂಕುಮ ತರ್ರಿ. ಗಂಡ ಮನಿಗೆ ಬಂದಾನೆ."

ಅಮ್ಮನನ್ನು ಮುತ್ತೈದೆಯಾಗಿಯೇ ಕೂರಿಸಿ ಮಣ್ಣು ಮಾಡಿದರು. ಎಷ್ಟೋ ವರ್ಷ ಅವರನ್ನು ಕರೆಯದಿದ್ದ ಹೆಂಗಸರೆಲ್ಲ ಸರದಿಯಲ್ಲಿ ಬಂದು ಉಡಿ ತುಂಬಿದರು.

ಗಾಡಿ ಈಗಲೂ ನಮ್ಮ ಪಡಸಾಲೆಯಲ್ಲಿದೆ. ಅಮಾವಾಸ್ಯೆಗೆ ವಿಭೂತಿ ಹಚ್ಚುತ್ತೇನೆ, ನಿಂಬೆಹಣ್ಣು ಕಟ್ಟುತ್ತೇನೆ. ಅಷ್ಟು ಕಷ್ಟಪಟ್ಟು ಎಬ್ಬಿಸಿದ ಗಾಡಿಯನ್ನು ಯಾಕೆ ಓಡಿಸುವುದಿಲ್ಲ ಎಂದು ಉಸ್ತಾದ್ ಸಿಕ್ಕಾಗಲೆಲ್ಲ ಬೈಯುತ್ತಾನೆ. ಓಡಿಸಬೇಕೆಂದರೆ ನಲ್ಲಿ ತೆರೆಯಬೇಕು. ಅಮ್ಮ ತಮ್ಮ ಕೈಯಾರೆ ಮುಚ್ಚಿದ್ದನ್ನು ತೆರೆದು, ಮನೆ ಸೇರಿದ ಮನುಷ್ಯನನ್ನು ಮತ್ತೆ ಹೊರಗೆ ಕಳಿಸಲು ನಾನ್ಯಾರು?