ಕೊಳಕ್ಕಿಳಿದ ಬಾಯಮ್ಮ

ಎಸ್ಕಲೇಟರ್ ಹತ್ತುವಾಗ ಬಾಯಮ್ಮ ನನ್ನ ಮಣಿಕಟ್ಟನ್ನು ಹಿಡಿಯುತ್ತಿದ್ದ ಬಿಗಿಗೆ ಉಗುರಿನ ಗುರುತು ಸಂಜೆಯವರೆಗೂ ಉಳಿಯುತ್ತಿತ್ತು. ಚಿಕ್ಕ, ದಪ್ಪ ಬೆರಳುಗಳು. ಲಂಡನ್ನಿನ ಪಾರ್ಕ್ ರಾಯಲ್‌ನ ಫ್ಯಾಕ್ಟರಿಯಲ್ಲಿ ದಿನವಿಡೀ ಸಮೋಸ ಮಡಚಿ ತುದಿಗಳು ಒರಟಾಗಿದ್ದವು. ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತ ಮೇಲೆ ಬರುತ್ತಿದ್ದರು.

ಅಲ್ಲೇ ಹತ್ತಿರದ ಕೆಂಟನ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಗಂಡ ತೀರಿಕೊಂಡ ಮೇಲೆ ದೊಡ್ಡವನಾದ ಒಬ್ಬನೇ ಮಗನ ಜೊತೆ ಇದ್ದರು. ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ನಮ್ಮೂರಿನ ರೂಢಿಯಂತೆ ನಾನು ಬಾಯಮ್ಮ ಎಂದೇ ಕರೆದೆ. ಲಿಫ್ಟ್ ಎಂದರೆ ಅವರಿಗೆ ಭಯ, ನಾಯಿ ಎಂದರೆ ಭಯ, ಯಾರಾದರೂ ಬಾಗಿಲು ತಟ್ಟಿದರೂ ಭಯ. ಎಲ್ಲಕ್ಕಿಂತ ಹೆಚ್ಚು ಭಯ ನೀರಿನದು. ಮನೆಯ ಟಬ್ಬಿನಲ್ಲಿ ಅವರು ನೀರು ತುಂಬಿಸಿದ್ದೇ ಇಲ್ಲವಂತೆ. “ಎಂತ ಮಾಡುದು, ಹೆದರಿಕೆ ನನ್ನೊಟ್ಟಿಗೇ ಹುಟ್ಟಿದ್ದು” ಎಂದು ನಗುತ್ತಿದ್ದರು. ಹೊಸದಾಗಿ ಕುಂದಾಪುರದಿಂದ ಬಂದು, ಫೋನ್ ಬಡಿದುಕೊಂಡರೂ ಬೆವರುತ್ತಿದ್ದ ನನಗೆ ಆ ಮಾತು ಕೇಳಿ ಎಷ್ಟೋ ಸಮಾಧಾನವಾಗುತ್ತಿತ್ತು.

ಹೂವೆಂದರೆ ಮಾತ್ರ ಅವರಿಗೆ ಎಲ್ಲ ಭಯವೂ ಮರೆತುಹೋಗುತ್ತಿತ್ತು. ಲಂಡನ್ನಿನ ಅಂಚಿನಲ್ಲಿ ಹಳೆಯ ಶ್ರೀಮಂತ ಮನೆತನದವರ, ಈಗ ಎಲ್ಲರಿಗೂ ತೆರೆದಿದ್ದ ತೋಟವೊಂದಿತ್ತು. ಗುಲಾಬಿ ಬಿಡುವ ಕಾಲಕ್ಕೆ ನಾವಿಬ್ಬರೂ ನನ್ನ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಇಟ್ಟಿಗೆಯ ಹಳೆಯ ಗೋಡೆಗೆ ಹಬ್ಬಿದ ಬಳ್ಳಿಗುಲಾಬಿಗೆ ಬಾಯಮ್ಮ ಮುಖವಿಟ್ಟರೆ ತೆಗೆಯುತ್ತಿರಲಿಲ್ಲ.

ಮಗಳು ಆಗಷ್ಟೇ ನರ್ಸರಿಗೆ ಹೋಗಲು ಶುರುಮಾಡಿದ್ದಳು. ಆ ಸಲ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆವು. ತಲೆ ಎತ್ತಿದಾಗ ಮಗಳು ಇರಲಿಲ್ಲ. ಕರೆದೆ. ಆಳೆತ್ತರದ ಹಸಿರು ಬೇಲಿಗಳ ನಡುವೆ ನನ್ನ ದನಿ ಎತ್ತಲೋ ಹೋಯಿತು. ಬೇಲಿಯ ತಿರುವು ದಾಟಿದರೆ ನೈದಿಲೆಯ ಕೊಳ. ಎಲೆಗಳ ನಡುವೆ ಅವಳ ಹಳದಿ ಟೋಪಿ ತೇಲುತ್ತಿತ್ತು.

ನನ್ನ ಕಾಲು ನಿಂತಲ್ಲೇ ನಿಂತುಬಿಟ್ಟಿತು. ಕೂಗಲು ಬಾಯಿ ತೆರೆದರೂ ಸ್ವರ ಹೊರಡಲಿಲ್ಲ. ಹಿಂದಿನಿಂದ ಬಂದ ಬಾಯಮ್ಮ ಟೋಪಿಯನ್ನು ನೋಡಿದರು. ಚಪ್ಪಲಿ ಬಿಟ್ಟರು.

“ನೀನು ಬೇಲಿ ಕಡೆ ಹುಡುಕು. ನೀರು ನಾನು ನೋಡ್ತೇನೆ.”

ಹಾಗೆಂದವರೇ ಕೊಳಕ್ಕಿಳಿದರು. ಮೊಣಕಾಲು, ಸೊಂಟ, ಎದೆ. ನೀರು ಕಪ್ಪಗಿತ್ತು, ಒಳಗೇನಿದೆಯೋ ಕಾಣುತ್ತಿರಲಿಲ್ಲ. ಅವರು ಕೈ ಮೇಲೆತ್ತಿಕೊಂಡು ಒಂದೊಂದೇ ಹೆಜ್ಜೆಯಲ್ಲಿ ಕಾಲಿನಿಂದ ತಳ ತಡವುತ್ತಿದ್ದರು. ಹಲ್ಲು ಕಟಕಟ ಎನ್ನುವುದು ದಡಕ್ಕೂ ಕೇಳುತ್ತಿತ್ತು. ನಾನು ಬೇಲಿಯ ಕಡೆ ಓಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದೆ. ಕಾಲಿಗೇನಾದರೂ ತಾಗಿದರೆ ಮೊದಲು ಗೊತ್ತಾಗುವುದು ಆ ಮುಖದಲ್ಲೇ.

ಇದ್ದಕ್ಕಿದ್ದಂತೆ ಅವರು ಕುತ್ತಿಗೆಯವರೆಗೆ ಇಳಿದರು. ಕಾಲು ಕೆಸರಿನಲ್ಲಿ ಹೂತಿತ್ತು. ಈಜು ಬರುತ್ತಿರಲಿಲ್ಲ. ಆಗ ನನ್ನ ಗಂಟಲಿಗೆ ಸ್ವರ ಬಂತು. ಕೇಳಿ ಓಡಿಬಂದ ತೋಟದ ಕೆಲಸದವನು ಏಣಿಯೊಂದನ್ನು ನೀರಿನ ಮೇಲೆ ಚಾಚಿ ಅವರನ್ನು ಎಳೆದುಕೊಂಡ. ದಡಕ್ಕೆ ಬಂದು ಮಾತು ಹೊರಟೊಡನೆ ಅವರೆಂದದ್ದು, “ಅಲ್ಲಿ ಇಲ್ಲ. ನೀರಲ್ಲಿ ಇಲ್ಲ.”

ಮಗಳು ಇದ್ದದ್ದು ಬೇಲಿಯ ಪೊಟರೆಯಲ್ಲಿ. ಗಾಳಿಗೆ ಟೋಪಿ ಹಾರಿ ನೀರಿಗೆ ಬಿದ್ದಿತ್ತು. ಬೈಗುಳಕ್ಕೆ ಹೆದರಿ ಅಡಗಿ ಕೂತಿದ್ದಳು. ನನ್ನ ಕೂಗು ಕೇಳಿ, ಕೂದಲ ತುಂಬ ಒಣ ಎಲೆ ಸಿಕ್ಕಿಸಿಕೊಂಡು, “ಸಾರಿ ಮಮ್ಮಿ” ಎನ್ನುತ್ತ ಹೊರಬಂದಳು. ಬಾಯಮ್ಮ ಅವಳನ್ನು ಎಳೆದು ಒದ್ದೆ ಮೈಗೆ ಅಪ್ಪಿಕೊಂಡರು.

ಈಜು ಬಾರದೆ ಯಾಕೆ ಇಳಿದಿರಿ ಎಂದು ಬಸ್ಸಿನಲ್ಲಿ ಕೇಳಿದೆ. ನನ್ನ ಕೋಟಿನೊಳಗೆ ಮುದುಡಿ ಕೂತಿದ್ದ ಅವರು ಕಿಟಕಿಯಾಚೆ ನೋಡುತ್ತ ಹೇಳಿದರು:

“ಸಿಕ್ಕಿದ್ರೆ ನನ್ನ ಕಾಲಿಗೆ ಸಿಗ್ಲಿ ಅಂತ. ನೀನು ತಾಯಿ ಅಲ್ವಾ.”

ಮಗನಿಗೆ ಮಾತ್ರ ಹೇಳಬಾರದೆಂದು ಕೇಳಿಕೊಂಡರು. ಗೊತ್ತಾದರೆ ಅವನು ಇನ್ನೆಲ್ಲಿಗೂ ಕಳಿಸುವುದಿಲ್ಲ ಎಂಬುದು ಅವರ ಹೊಸ ಭಯ. ನಾನು ಹೇಳಲಿಲ್ಲ. ಮುಂದಿನ ವರ್ಷವೂ ಗುಲಾಬಿ ನೋಡಲು ಹೋದೆವು. ಕೊಳದ ಹತ್ತಿರ ಮಾತ್ರ ಅವರು ಸುಳಿಯಲಿಲ್ಲ.

ಮಗಳು ಸೆಕೆಂಡರಿ ಶಾಲೆಯಲ್ಲಿದ್ದಾಗ ಬಾಯಮ್ಮ ಕಾಯಿಲೆ ಬಿದ್ದರು. ಆಸ್ಪತ್ರೆಯಲ್ಲಿ ಹಾಸಿಗೆಯ ಸುತ್ತ ಪರದೆ ಎಳೆಯಲು ಬಿಡುತ್ತಿರಲಿಲ್ಲ. “ಹೆದರಿಕೆ ಆಗ್ತದೆ ಮಾರಾಯ್ತಿ, ಸ್ವಲ್ಪ ಕೂತ್ಕೋ” ಎನ್ನುತ್ತಿದ್ದರು. ಕೂತೆ. ಅದಕ್ಕಿಂತ ಹೆಚ್ಚು ನನ್ನಿಂದ ಏನೂ ಆಗಲಿಲ್ಲ. ಹೆದರಿಕೊಂಡೇ ಹೋದರು.

ಮಣ್ಣಾದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಅವರ ಮಗ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕೂತು ಕೊಳದ ಸಂಗತಿ ಹೇಳಿದೆ. ತಾಯಿಯ ಕೊಂಕಣಿಗೂ ನನ್ನ ಕನ್ನಡಕ್ಕೂ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವನು ಅಂದು ತಡವರಿಸುತ್ತ ಕನ್ನಡದಲ್ಲಿ ಕೇಳಿದ, “ನೀರಿಗಾ? ನಮ್ಮ ಮಮ್ಮಿ?”

ಹೌದೆಂದೆ. ಇನ್ನೊಮ್ಮೆ ಹೇಳಿ ಎಂದ. ಮೊದಲಿನಿಂದ ಹೇಳಿದೆ.