ಎರಡು ಬೆರಳಗಲದ ಪರದೆಯ ಉದ್ಘಾಟನೆ

ಗೆಳೆಯರೇ, ಒದ್ದೆ ಅಂಗಿಯಲ್ಲೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.

ನಾನು ವಾರ್ಡನ್ ಆಗಿರುವ ಹೊಳಲ್ಕೆರೆಯ ಹಾಸ್ಟೆಲ್ಲಿನಲ್ಲಿ ನೀರಿನ ಮೋಟರ್ ಹಾಕಿದವರು ಆಫ್ ಮಾಡುವುದನ್ನು ಮರೆಯುತ್ತಾರೆ. ಅದಕ್ಕೇ ಕೆಟ್ಟ ಮೊಬೈಲೊಂದರ ಬಣ್ಣದ ಪರದೆ ಬಿಚ್ಚಿ, ಟ್ಯಾಂಕಿನ ನೀರಿನ ಮಟ್ಟ ಅಳೆಯುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿದೆ. ಟ್ಯಾಂಕ್ ತುಂಬುತ್ತಿದ್ದಂತೆ ಪರದೆಯಲ್ಲಿ ನೀಲಿ ಬಣ್ಣ ಏರುತ್ತದೆ, ಪೂರ್ತಿ ತುಂಬಿದರೆ ಕೆಂಪಾಗುತ್ತದೆ. ಇಷ್ಟೇ.

ಆಡಳಿತ ಮಂಡಳಿಗೆ ಇಷ್ಟು ಸಾಲಲಿಲ್ಲ. "ಬಣ್ಣ ಬರ್ತೈತೆ ಅಂದ್ಮೇಲೆ ಮೊದ್ಲು ನಮ್ಮ ಹೆಸ್ರು ಬರ್ಲಿ, ಆಮೇಲೆ ನೀರು ತೋರ್ಸು" ಎಂದರು ಅಧ್ಯಕ್ಷರು. ಉಪಾಧ್ಯಕ್ಷರಿಗೆ ಹೆಸರಿಗೆ ಮೊದಲು 'ಸನ್ಮಾನ್ಯ' ಬೇಕಿತ್ತು. ಎಲ್ಲರಿಗೂ ಹಾಕಿದೆ. ಪರದೆ ಎರಡು ಬೆರಳಗಲ. ಒಂದು ಹೆಸರು ತೆವಳಿಕೊಂಡು ದಾಟುವಷ್ಟರಲ್ಲಿ ಒಂದು ಲೋಟ ಟೀ ಕುಡಿದು ಮುಗಿಸಬಹುದು.

ಇವತ್ತು ಬೆಳಿಗ್ಗೆ ಉದ್ಘಾಟನೆ. ಶಾಮಿಯಾನಕ್ಕೆ ಇವರಿಗೆ ಸಿಕ್ಕ ಜಾಗ ಟ್ಯಾಂಕಿನ ಬುಡ. ಅಧ್ಯಕ್ಷರು ಮೋಟರ್ ಹಾಕಿದರು, ಹೆಸರುಗಳ ಮೆರವಣಿಗೆ ಹೊರಟಿತು, ಚಪ್ಪಾಳೆ ಬಿತ್ತು. ಖಜಾಂಚಿಗಳ ಹೆಸರು ಅರ್ಧ ದಾಟಿತ್ತು, ಅಷ್ಟರಲ್ಲಿ ಟ್ಯಾಂಕ್ ತುಂಬಿ ನೀರು ಧೋ ಎಂದು ನಮ್ಮೆಲ್ಲರ ತಲೆ ಮೇಲೆ ಸುರಿಯಿತು.

"ಏನಪ್ಪ, ತುಂಬಿದ್ರೆ ಹೇಳ್ತೈತೆ ಅಂದಿದ್ದೆ?" ಅಧ್ಯಕ್ಷರು ಸನ್ಮಾನದ ಶಾಲು ಹಿಂಡುತ್ತಾ ಕೇಳಿದರು.

"ಹೇಳ್ತೈತೆ ಸಾರ್. ಖಜಾಂಚಿಯವ್ರು ಇನ್ನೂ ಅರ್ಧ ದಾಟ್ಬೇಕು."

ಬಟ್ಟೆ ಒಣಗುವ ಮೊದಲೇ ತುರ್ತು ಸಭೆ ನಡೆಯಿತು. ಒಂದು ಹೆಸರನ್ನೂ ತೆಗೆಯುವಂತಿಲ್ಲ. ಎಲ್ಲರ ಹೆಸರು ಮುಗಿಯುವವರೆಗೂ ತುಂಬದಂಥ ದೊಡ್ಡ ಟ್ಯಾಂಕ್ ಕಟ್ಟಿಸುವುದೆಂದು ಒಮ್ಮತದಿಂದ ತೀರ್ಮಾನವಾಗಿದೆ.

ಅದಕ್ಕೆ ದಾನ ಕೊಡುವವರ ಹೆಸರನ್ನೂ ನಾನು ಪರದೆಗೆ ಸೇರಿಸಬೇಕಂತೆ.