ಹರಿಹರದಾಕಿ

ನಿಟ್ಟುವಳ್ಳಿಯ ದ್ಯಾಮವ್ವನ ಬೆಣ್ಣೆಗೆ ಎಷ್ಟು ಹೆಸರಿತ್ತೋ ಅವಳ ಬಾಯಿಗೂ ಅಷ್ಟೇ ಹೆಸರಿತ್ತು. ಎರಡು ಎಮ್ಮೆ ಕಟ್ಟಿಕೊಂಡು, ಕೈಯಾರೆ ಮಜ್ಜಿಗೆ ಕಡೆದು, ಬೆಣ್ಣೆದೋಸೆ ಹೋಟೆಲೊಂದಕ್ಕೆ ಇಪ್ಪತ್ತೆಂಟು ವರ್ಷ ಬೆಣ್ಣೆ ಹಾಕಿದವಳು. ಮಿಕ್ಸಿಯಲ್ಲಿ ತಿರುವಿದ ಬೆಣ್ಣೆಯನ್ನು ಮೂಸಿಯೇ ಕಂಡುಹಿಡಿಯುತ್ತಿದ್ದಳು. ಕಂಡುಹಿಡಿದು ಆಡಿದ ಮಾತಿಗೆ, ತಂದವರು ಮತ್ತೊಮ್ಮೆ ಆ ಓಣಿಯಲ್ಲಿ ಸುಳಿಯುತ್ತಿರಲಿಲ್ಲ. ಇಂಥ ಹೆಂಗಸು ಕಟ್ಟಿಕೊಂಡ ಗಂಡನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದಳೆಂದರೆ ಯಾರು ನಂಬುತ್ತಾರೆ? ಬಿಟ್ಟಿದ್ದಳು. ಊಟ ಐತೆ, ಕರೆಂಟ್ ಬಿಲ್ ಬಂದೈತೆ, ಇಷ್ಟೇ ಮಾತು. ಅದೂ ಗೋಡೆಗೆ ಹೇಳಿದ ಹಾಗೆ.

ಗಂಡ ಸೂರಪ್ಪ ವರ್ಕ್‌ಶಾಪೊಂದರಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದ. ಅಕ್ಕಿಮಿಲ್ಲಿನ ಶಾಫ್ಟು, ಪಂಪಿನ ಬುಷ್ಷು, ಏನು ಕೊಟ್ಟರೂ ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ತೆಗೆದುಕೊಡುವ ಕೈ. ಮಾತು ಮಾತ್ರ ಕಮ್ಮಿ. ಮದುವೆಯಾದ ಹೊಸದರಲ್ಲಿ, ಕುಕ್ಕುವಾಡದಿಂದ ಬಂದ ಈ ಹುಡುಗಿ ಲೇತ್ ಎಂದರೆ ಏನೆಂದು ತಿಳಿಯದೆ ಕೇಳಿದಾಗ, ನೀನು ಮಜ್ಜಿಗೆ ಕಡೆಯುತ್ತೀ, ನಾನು ಕಬ್ಬಿಣ ಕಡೆಯುತ್ತೇನೆ, ಇಬ್ಬರದೂ ತಿರುಗಿಸುವ ಕೆಲಸವೇ ಎಂದಿದ್ದ. ಆ ಮಾತು ಅವಳಿಗೆ ಬಹಳ ಹಿಡಿಸಿತ್ತು. ಎಷ್ಟೋ ವರ್ಷ ಅದನ್ನು ಓಣಿಯವರಿಗೆಲ್ಲ ಹೇಳಿಕೊಂಡು ನಕ್ಕಿದ್ದಳು.

ಮಂಗಳವಾರ ವರ್ಕ್‌ಶಾಪಿಗೆ ರಜೆ. ಐವತ್ತು ದಾಟಿದ ಮೇಲೆ ಸೂರಪ್ಪನಿಗೆ ಮಂಗಳವಾರ ಹರಿಹರಕ್ಕೆ ಹೋಗುವ ಚಾಳಿ ಹತ್ತಿತು. ಕೇಳಿದರೆ ಗುಡಿಗೆ ಹೋಗಿದ್ದೆ ಎನ್ನುತ್ತಿದ್ದ. ಮೊದಮೊದಲು, ನೀನೂ ಬಾ, ಗುಡಿ ಬಹಳ ಚೆಂದ ಇದೆ ಎಂದು ಎರಡು ಮೂರು ಸಲ ಕರೆದ. ಎಮ್ಮೆ ಹಿಂಡೋಕೆ ನಿಮ್ಮಪ್ಪ ಬರುತ್ತಾನಾ ಎಂದು ಅವಳು ಬಾಯಿ ಮುಚ್ಚಿಸಿದ್ದಳು. ಚಿಕ್ಕವಳಿದ್ದಾಗ ಅವ್ವನ ಸೆರಗು ಹಿಡಿದು ಅದೇ ಗುಡಿಯ ಸಾಲಿನಲ್ಲಿ ನಿಂತು, ದೇವರಿಗೆ ಕೈಮುಗಿದು ಬಂದಿದ್ದಳಲ್ಲ, ಸಾಕು. ಆವತ್ತು ಅವಳು ದೇವರನ್ನು ನೋಡಿದ್ದಳು, ಗುಡಿಯನ್ನು ನೋಡಿರಲಿಲ್ಲ.

ಅನುಮಾನ ಹುಟ್ಟಿದ್ದು ಅವನ ಹಣೆಯಿಂದ. ಗುಡಿಗೆ ಹೋದ ಮನುಷ್ಯ ಹಣೆಗೆ ಕುಂಕುಮವಿಲ್ಲದೆ, ಕೈಯಲ್ಲಿ ಹೂವಿನ ಎಸಳೊಂದಿಲ್ಲದೆ ಬರುತ್ತಾನೆಯೇ? ಅದೂ ಪ್ರತಿ ಮಂಗಳವಾರ? ಮನೆಯ ದೇವರಿಗೆ ಯುಗಾದಿಯ ದಿನವೂ ತಳ್ಳಿ ನಿಲ್ಲಿಸಿದರಷ್ಟೇ ಕೈಮುಗಿಯುವ ಆಸಾಮಿಗೆ ಹರಿಹರದ ದೇವರ ಮೇಲೆ ಇಂಥ ಭಕ್ತಿ ಎಲ್ಲಿಂದ ಬಂತು? ಬರಿಹಣೆಯಲ್ಲಿ ಬಂದು, ಉಂಡು, ಒಬ್ಬನೇ ನಗುತ್ತ ಕೂರುತ್ತಿದ್ದ.

ಒಂದು ಸಂಜೆ ಅವನು ಕೊಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಆ ತುದಿಯಲ್ಲಿದ್ದವನು ರಿಯಾಜ್. ಮೊದಲು ಅವನ ಪಕ್ಕದ ಮಷಿನ್ನಿನಲ್ಲೇ ಇದ್ದು, ಆಮೇಲೆ ಹರಿಹರದಲ್ಲಿ ಆಟೊ ಇಟ್ಟುಕೊಂಡವನು. ದ್ಯಾಮವ್ವ ಸಗಣಿ ಬಾಚುತ್ತಿದ್ದವಳು ಹಾಗೇ ನಿಂತಳು.

"ನಡು ಅಂದ್ರ ಅದು ನಡು ಕಣೋ. ಕೈಯಾಡಿಸಿದ್ರ ಬೆಣ್ಣಿ ಇದ್ದಂಗೈತೆ. ಮಂಗಳವಾರ ಬರ್ತೀನಿ, ಇನ್ನೊಂದ್ಸಲ ಸರಿಯಾಗಿ ನೋಡಬೇಕು. ಮನ್ಯಾಗ ಇನ್ನಾ ಹೇಳಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ದ್ಯಾಮವ್ವ ಕಂಡಿರಲೂ ಇಲ್ಲ, ಕೇಳಿದ್ದಳಷ್ಟೆ. ಆದರೆ ಇಷ್ಟು ಕೇಳಿದ ಮೇಲೆ ಯಾವ ಹೆಂಡತಿ ಪ್ರಮಾಣಕ್ಕೆ ಕಾಯುತ್ತಾಳೆ? ಅಂದಿನಿಂದ ಅವಳ ಮನಸ್ಸಿನಲ್ಲಿ ಒಬ್ಬಳು ಬಂದು ಕೂತಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಹರಿಹರದಾಕಿ. ಆ ಊರಿನ ದೇವರೇ ಅರ್ಧ ಹರ, ಅರ್ಧ ಹರಿ. ನನ್ನ ಗಂಡನೂ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ತನ್ನಷ್ಟಕ್ಕೇ ಕಹಿಯಾಗಿ ಅಂದುಕೊಂಡಳು. ಕೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಅವನು ಹೌದು ಎಂದುಬಿಟ್ಟರೆ ಎಂಬ ಭಯಕ್ಕೆ ನುಂಗಿಕೊಳ್ಳುತ್ತಿದ್ದಳು.

ತಿಂಗಳ ಮೇಲೆ ಸೂರಪ್ಪ ಪೇಪರಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ತಂದು ಅವಳ ಮುಂದಿಟ್ಟ. ಬಿಚ್ಚಿದರೆ ಸಾಗುವಾನಿಯ ಹೊಸ ಕಡಗೋಲು. ಮಜ್ಜಿಗೆ ಕಡೆಯುವ ಕೋಲಿಗೆ ಯಾರೂ ಮಾಡಿಸದಂಥ ಸೊಬಗು ಮಾಡಿದ್ದ. ಬುಡದ ಹೂವಿನ ಮೇಲೆ ಕವುಚಿಟ್ಟ ಗಂಟೆಯಂಥ ಉಬ್ಬು, ಉಬ್ಬಿನ ಮೇಲೆ ಸಣ್ಣ ನಡು, ನಡುವಿಗೆ ಒತ್ತೊತ್ತಾಗಿ ಮೂರು ಉಂಗುರ, ಅದರ ಮೇಲೆ ತಟ್ಟೆಯಂಥ ಅಗಲ. ಅವಳು ಮುಟ್ಟಲಿಲ್ಲ. ತಪ್ಪು ಮಾಡಿದ ಗಂಡಸು ಹೆಂಡತಿಗೆ ಏನಾದರೂ ತಂದೇ ತರುತ್ತಾನೆಂದು ಅವಳಿಗೆ ಗೊತ್ತಿತ್ತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಕಡಗೋಲು ಯಾರಿಗೆ ಬೇಕು?

ಮರುದಿನ ಬೆಳಗ್ಗೆ ಅದನ್ನು ಮುರಿದು ಹಂಡೆ ಒಲೆಗೆ ಹಾಕಿದಳು. ಒಣಗಿದ ಸಾಗುವಾನಿ, ಚೆನ್ನಾಗಿ ಉರಿಯಿತು. ಸ್ನಾನಕ್ಕೆಂದು ಬಂದ ಸೂರಪ್ಪ ಸೌದೆ ಒಳಗೆ ತಳ್ಳಲು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತಟ್ಟೆಯಂಥ ತುಂಡೊಂದು ಇನ್ನೂ ಪೂರ್ತಿ ಉರಿದಿರಲಿಲ್ಲ. ಅದನ್ನೇ ನೋಡುತ್ತ ಕೂತಿದ್ದು, ಎದ್ದು ನೀರು ಬೆರೆಸಿಕೊಂಡು ಸ್ನಾನ ಮಾಡಿ ಕೆಲಸಕ್ಕೆ ಹೋದ. ಅವಳು ಜಗಳಕ್ಕೆ ಕಾದಿದ್ದಳು. ಯಾಕೆ ಎಂದು ಒಂದು ಮಾತು ಕೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ಅವನು ಕೇಳಲಿಲ್ಲ. ಕಳ್ಳನಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡು ಅವಳೂ ಮಾತು ಬಿಟ್ಟಳು. ಅವನು ಮಂಗಳವಾರ ಬಿಡಲಿಲ್ಲ.

ಹೀಗೆ ನಾಲ್ಕು ವರ್ಷ. ಈ ಸಲದ ಶಿವರಾತ್ರಿಗೆ ಎಂಟು ದಿನ ಇತ್ತು. ಸೂರಪ್ಪ ಮಷಿನ್ ಮುಂದೆ ನಿಂತವನು ಎದೆ ಹಿಡಿದುಕೊಂಡು ಕುಸಿದ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಬುತ್ತಿ ಕಟ್ಟೈತೆ ಎಂದು ಅವಳು ಆವತ್ತು ಬೆಳಗ್ಗೆ ಗೋಡೆಗೆ ಹೇಳಿದ್ದೇ ಕೊನೆಯ ಮಾತಾಯಿತು.

ಅಳು ಬರಲಿಲ್ಲ. ಬಂದ ನೆಂಟರೆಲ್ಲ ಗಟ್ಟಿಗಿತ್ತಿ ಎಂದರು. ಮದುವೆಯಾಗಿ ಹೋಗಿದ್ದ ಮಗಳು ಅಂಬಿಕಾ ತನ್ನ ಊರು ಹದಡಿಗೆ ಕರೆದಳು, ಹೋಗಲಿಲ್ಲ. ಮೂರನೇ ತಿಂಗಳ ಒಂದು ಮಂಗಳವಾರ ಮಜ್ಜಿಗೆಗೆ ಹಗ್ಗ ಸುತ್ತಿ ಕೂತವಳಿಗೆ ಕೈಯೇ ಆಡಲಿಲ್ಲ. ಆಕಿಗೆ ಯಾರಾದರೂ ಹೇಳಿದರೋ ಇಲ್ಲವೋ? ಬರುತ್ತಾನೆಂದು ಇನ್ನೂ ದಾರಿ ನೋಡುತ್ತಿದ್ದರೆ? ಎಷ್ಟು ಬೈದರೂ ಅವಳೂ ಒಂದು ಹೆಣ್ಣು. ಸತ್ತ ಸುದ್ದಿ ಹೇಳುವುದು ಹೆಂಡತಿಯ ಕೆಲಸ. ಹೇಳಿ, ಒಂದು ಸಲ ಕಣ್ಣಾರೆ ನೋಡಿ ಬರಬೇಕು, ತನ್ನಲ್ಲಿ ಇಲ್ಲದ್ದು ಅವಳಲ್ಲಿ ಏನಿತ್ತು ಎಂದು. ರಿಯಾಜನಿಗೆ ಫೋನ್ ಮಾಡಿ, ಅವರು ಮಂಗಳವಾರ ಹೋಗುತ್ತಿದ್ದ ಕಡೆಗೆ ನನ್ನನ್ನೂ ಕರೆದುಕೊಂಡು ಹೋಗು ಎಂದಳು.

"ಬರ್ರಿ ಅಕ್ಕ. ಅಣ್ಣಗೂ ಅದೇ ಆಸೆ ಇತ್ತು," ಎಂದ.

ಎಂಥಾ ಆಸೆ ಎಂದು ಅವಳ ಮೈ ಉರಿಯಿತು. ಆದರೂ ಡಬ್ಬಿಗೆ ಬೆಣ್ಣೆ ಹಾಕಿಕೊಂಡೇ ಬಸ್ಸು ಹತ್ತಿದಳು. ಜಗಳಕ್ಕೇ ಆಗಲಿ, ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ರಿಯಾಜ್ ಕಾದಿದ್ದ. ಆಟೊ ಗುಡಿಯ ಮುಂದೆ ನಿಂತಾಗ ಅಲ್ಲಿ ಹೂ ಮಾರುತ್ತಿದ್ದ ಹೆಂಗಸು ದ್ಯಾಮವ್ವನ ಕಣ್ಣಿಗೆ ಬಿದ್ದಳು. ಮೊದಲು ನೋಡಿದ್ದು ಅವಳ ನಡುವನ್ನು. ನಡುವೇ ಇಲ್ಲದ, ಎಪ್ಪತ್ತು ದಾಟಿದ ಮುದುಕಿ. ರಿಯಾಜ್ ಅತ್ತ ತಿರುಗಿಯೂ ನೋಡದೆ ಬಾಗಿಲು ದಾಟಿ ಅಂಗಳಕ್ಕೆ ನಡೆದ. ಚಪ್ಪಲಿ ಬಿಟ್ಟು ಅವಳೂ ಹಿಂದೆ ಹೋದಳು.

ಹೊರಗಿನ ಬಿಸಿಲಿನಿಂದ ಮಂಟಪಕ್ಕೆ ಕಾಲಿಟ್ಟರೆ ಕಾಲಡಿಯ ಕಲ್ಲು ತಣ್ಣಗಿತ್ತು. ಸುತ್ತಲೂ ಕೂರಲು ಕಲ್ಲಿನ ಜಗಲಿ, ನಡುವೆ ಸಾಲುಸಾಲು ಕಂಬ, ತಲೆ ಎತ್ತಿದರೆ ಚಾವಣಿಯಲ್ಲಿ ಅರಳಿಸಿಟ್ಟ ಕಲ್ಲಿನ ಹೂ. ಕುಂಕುಮ ಹಚ್ಚಿಕೊಂಡ ಜನ ದೇವರನ್ನು ನೋಡಿ ಕಂಬಗಳ ನಡುವೆಯೇ ಹಾದು ಹೊರಟಿದ್ದರು. ಕಂಬವನ್ನು ನೋಡಿದವರು ಯಾರೂ ಇಲ್ಲ. ಅವಳು ಆ ಜನರಲ್ಲಿ ಹೆಂಗಸರ ಮುಖ ಹುಡುಕುತ್ತಿದ್ದಳು. ಯಾರು, ಎಲ್ಲಿದ್ದಾಳೆ ಎಂದು ಮೆಲ್ಲಗೆ ಕೇಳಿಯೂ ಕೇಳಿದಳು. ರಿಯಾಜನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಅಂಚಿನ ಸಾಲಿನ ಒಂದು ಕಂಬದ ಮುಂದೆ ನಿಂತ.

"ಇದೇ ನೋಡ್ರಿ ಅಕ್ಕ. ಇಲ್ಲೇ ಕೂಡ್ತಿದ್ರು ಅಣ್ಣ."

ಕವುಚಿಟ್ಟ ಗಂಟೆಯಂಥ ಉಬ್ಬು. ಅದರ ಮೇಲೆ ಸಣ್ಣ ನಡು. ನಡುವಿಗೆ ಒತ್ತೊತ್ತಾಗಿ ಮೂರು ಉಂಗುರ. ಮೇಲೆ ತಟ್ಟೆಯಂಥ ಅಗಲ.

ರಿಯಾಜ್ ಹೇಳುತ್ತಲೇ ಇದ್ದ. ಈ ಕಂಬಗಳಿಗೆ ಎಂಟುನೂರು ವರ್ಷ, ಇವನ್ನೂ ನಮ್ಮ ಲೇತಿನ ಹಾಗೆ ತಿರುಗಿಸಿಯೇ ಕಡೆದದ್ದು, ಕರೆಂಟಿಲ್ಲದ ಕಾಲದಲ್ಲಿ ಇಷ್ಟು ದಪ್ಪ ಕಲ್ಲು ತಿರುಗಿಸಿ ಉಳಿ ಹಿಡಿದವನ ಕೈ ಒಂದಿಷ್ಟೂ ನಡುಗಿಲ್ಲ, ಆ ಕೈಗೆ ನಮಸ್ಕಾರ ಮಾಡಿದರೆ ಸಾಕು, ಒಳಗೆ ಹೋಗಬೇಕೆಂದಿಲ್ಲ ಎಂದು ಅಣ್ಣ ಅನ್ನುತ್ತಿದ್ದರಂತೆ. ದ್ಯಾಮವ್ವ ಕೈ ಚಾಚಿ ಕಂಬದ ನಡು ಮುಟ್ಟಿದಳು. ನುಣ್ಣಗೆ, ತಣ್ಣಗೆ, ಆಗಷ್ಟೇ ನೀರಿನಿಂದ ಎತ್ತಿದ ಬೆಣ್ಣೆಯುಂಡೆಯ ಹಾಗಿತ್ತು. ಇಪ್ಪತ್ತೆಂಟು ವರ್ಷ ಬೆಣ್ಣೆ ಹಿಡಿದ ಕೈಗೆ ಅದು ಸುಳ್ಳೆನಿಸಲು ಸಾಧ್ಯವೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವಳ ಒಲೆ ಮೊದಲೇ ಉರಿದುಹೋಗಿತ್ತು. ಮೂರು ತಿಂಗಳಿಂದ ಬಾರದ ಅಳು ಆಗ ಬಂತು. ಕಂಬಕ್ಕೆ ಹಣೆ ಒತ್ತಿ, ಬಾಯಿಗೆ ಸೆರಗು ತುರುಕಿಕೊಂಡು, ಉಸಿರು ಕಟ್ಟುವ ಹಾಗೆ ಅತ್ತಳು.

ಅಣ್ಣನ ನೆನಪಾಯಿತೆಂದುಕೊಂಡ ರಿಯಾಜ್ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟ. ಅವಳು ಬೆಣ್ಣೆಯ ಡಬ್ಬಿಯನ್ನು ಅವನ ಕೈಗಿಟ್ಟು, ಮಕ್ಕಳಿಗೆ ಕೊಡು ಎಂದಳು. ಅವನು ಮುಚ್ಚಳ ತೆಗೆದು ನೋಡಿ, ಅವಳಿಗೆ ಸಮಾಧಾನವಾಗಲೆಂದೇ ಮಾತು ತೆಗೆದ.

"ಆ ಕಡಗೋಲಿಗೆ ಅಣ್ಣ ಎಷ್ಟು ಮಂಗಳವಾರ ಇಲ್ಲಿಗೆ ಬಂದು ದಾರ ಹಿಡಿದು ಅಳತಿ ತಗಂಡ್ರು ಅಂತೀರಿ. ಕೊಟ್ಟ ಮ್ಯಾಲೆ ಹೆಂಗೈತಂತೆ ಅಂತ ಕೇಳಿದೆ. ನಮ್ಮಾಕಿಗೆ ಬಾಳ ಹಿಡಿಸೈತೆ, ದಿನಾ ಅದ್ರಾಗೇ ಕಡಿತಾಳೆ, ಬ್ಯಾರೇದು ಮುಟ್ಟಾದೇ ಇಲ್ಲ ಅಂದ್ರು. ಕೇಳಿದಾಗೆಲ್ಲ ಅದನ್ನೇ ಅನ್ನೋರು. ಈ ಬೆಣ್ಣೀನೂ ಅದ್ರಾಗೇ ಕಡಿದಿದ್ದಲ್ರೀ ಅಕ್ಕ?"

ದ್ಯಾಮವ್ವ ಕಂಬದ ಕಡೆ ನೋಡಿದಳು.

"ಹೂಂ," ಎಂದಳು. "ಅದ್ರಾಗೇ."

ನಾಲ್ಕು ವರ್ಷದಲ್ಲಿ ಗಂಡನ ಮಾತಿಗೆ ಅವಳು ಹೂಂ ಅಂದದ್ದು ಅದೇ ಮೊದಲು.